ಮಕ್ಕಳ ರೂಮಿನ ಗೌರವ್ವ

ನನಗೊಂದು ಅಭ್ಯಾಸವಿದೆ. ಕೈಯಲ್ಲಿ ತುಸು ಭಾರದ್ದೇನಾದರೂ ಹಿಡಿದು ನಿಂತರೆ ಸಾಕು, ಮೈ ತಾನೇ ತಾನಾಗಿ ಎಡಕ್ಕೂ ಬಲಕ್ಕೂ ತೂಗತೊಡಗುತ್ತದೆ. ತರಕಾರಿ ಚೀಲವಿರಲಿ, ಒಗೆದ ಬಟ್ಟೆಯ ಬಕೆಟ್ಟಿರಲಿ, ಗಂಡನ ಹೆಲ್ಮೆಟ್ಟಿರಲಿ, ಎಲ್ಲಕ್ಕೂ ಒಂದೇ ಮರ್ಯಾದೆ. ಮೊನ್ನೆ ಮಹದೇವಪುರದ ನಮ್ಮ ಬೀದಿಯ ಹಿಟ್ಟಿನ ಗಿರಣಿಯಲ್ಲಿ, ಆಗಷ್ಟೇ ಬೀಸಿದ ಜೋಳದ ಹಿಟ್ಟಿನ ಬೆಚ್ಚಗಿನ ಚೀಲವನ್ನು ಎದೆಗಾನಿಸಿಕೊಂಡು ಚಿಲ್ಲರೆಗಾಗಿ ಕಾಯುತ್ತಿದ್ದೆ. ಹಿಂದೆ ನಿಂತಿದ್ದ ಹೆಂಗಸೊಬ್ಬರು ಮೆಲ್ಲಗೆ ಕೇಳಿದರು.

"ಅಕ್ಕಾ, ಮಲಗ್ತಾ?"

"ಯಾರು?"

"ಹಿಟ್ಟು."

ಗಿರಣಿಯವನೂ ನಕ್ಕ, ನಾನೂ ನಕ್ಕೆ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಅವ್ವನ ನೆನಪು ಜೊತೆಗೇ ಬಂತು. ಈ ತೂಗಾಟ ಅವಳದು. ಅವಳು ಲಿಂಗೈಕ್ಯಳಾಗಿ ಹೋದ ಶ್ರಾವಣಕ್ಕೆ ಒಂದು ವರ್ಷವಾಯಿತು. ಅವಳ ಇಳಕಲ್ ಸೀರೆಗಳನ್ನು ನಾವು ಅಕ್ಕಪಕ್ಕದವರಿಗೆ, ನೆಂಟರಿಗೆ ಹಂಚಿದೆವು. ತೂಗಾಟವೊಂದು ನನ್ನ ಪಾಲಿಗೆ ಉಳಿಯಿತು.

ಅವ್ವ ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಆಯಾ ಆಗಿದ್ದಳು. ಹೊಲಿಗೆಯ ಹೆಂಗಸರು ಬೆಳಿಗ್ಗೆ ತಮ್ಮ ಕೂಸುಗಳನ್ನು ಬಿಟ್ಟು ಹೋಗುವ ಕೋಣೆ ಅವಳದು. ಬಾಗಿಲ ಮೇಲೆ 'ಶಿಶುಪಾಲನಾ ಕೇಂದ್ರ' ಎಂದು ಬರೆದಿತ್ತು. ಹಾಗೆಂದು ಯಾರೂ ಕರೆಯುತ್ತಿರಲಿಲ್ಲ. ಎಲ್ಲರ ಬಾಯಲ್ಲಿ ಅದು 'ಮಕ್ಕಳ ರೂಮು'.

ಅವಳೇನೂ ಆಯಾ ಆಗಬೇಕೆಂದು ಹೊರಟವಳಲ್ಲ. ಬಾದಾಮಿ ಕಡೆಯ ಹಳ್ಳಿಯಿಂದ ಅಪ್ಪನ ಜೊತೆ ಬಂದಾಗ ಅವಳಿಗೆ ಗೊತ್ತಿದ್ದದ್ದು ಹೊಲದ ಕೆಲಸ ಮತ್ತು ರೊಟ್ಟಿ. ಅಪ್ಪ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಕೆಲಸಕ್ಕೆ ಸೇರಿದ. ಅವ್ವ ಗಾರ್ಮೆಂಟ್ಸಿಗೆ ಹೆಲ್ಪರ್ ಆಗಿ ಸೇರಿ, ಸಿದ್ಧವಾದ ಅಂಗಿಗಳ ದಾರದ ತುದಿ ಕತ್ತರಿಸುತ್ತ, ಕೊನೆಗೊಂದು ದಿನ ಹೊಲಿಗೆ ಮಷೀನಿನ ಮುಂದೆ ಕೂತಳು. ಅವಳಿಗೆ ಕಾಲರು ಹೊಲಿಯಲು ಕೊಟ್ಟರು. ಅವಳು ಹೊಲಿದ ಕಾಲರಿನ ಎರಡು ಮೂಲೆಗಳು ಎಂದೂ ಒಂದೇ ಉದ್ದಕ್ಕೆ ಬರಲಿಲ್ಲ. ಯಾವುದೋ ದೇಶದ ಯಾರೋ ಸಾಹೇಬರು ಇಂದಿಗೂ ಒಂದು ಕಡೆ ಗಿಡ್ಡವಾದ ಕಾಲರು ತೊಟ್ಟು ಆಫೀಸಿಗೆ ಹೋಗುತ್ತಿರಬಹುದು. ಅವರಿಗೆ ನಮ್ಮ ಮನೆತನದ ಪರವಾಗಿ ಕ್ಷಮೆ ಕೇಳುತ್ತೇನೆ.

ಸೂಪರ್‌ವೈಸರಿಗೆ ತಲೆ ಕೆಟ್ಟುಹೋಗಿತ್ತು. ಅದೇ ಹೊತ್ತಿಗೆ ಮಕ್ಕಳ ರೂಮಿನ ಹಳೆಯ ಆಯಾ ಊರಿಗೆ ಹೋದವಳು ತಿರುಗಿ ಬರಲಿಲ್ಲ. "ಗೌರಮ್ಮ, ಒಂದ್ ವಾರ ಕೆಳಗ್ ಹೋಗಿ ಮಕ್ಕಳನ್ನ ನೋಡ್ಕೊಳ್ಳಿ. ಅಷ್ಟರಲ್ಲಿ ಬೇರೆ ಯಾರನ್ನಾದ್ರೂ ಹುಡುಕ್ತೀವಿ" ಎಂದು ಅವಳನ್ನು ಕೆಳಕ್ಕೆ ಅಟ್ಟಿದರು. ಬೇರೆ ಯಾರನ್ನೂ ಹುಡುಕಲಿಲ್ಲ. ಆ ವಾರ ಮುಗಿಯುವಷ್ಟರಲ್ಲಿ ನಾನು ಎಸ್ಸೆಸ್ಸೆಲ್ಸಿ ಪಾಸಾಗಿ, ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮುಗಿಸಿ, ಮದುವೆಯಾಗಿ, ಬಸುರಿಯೂ ಆಗಿದ್ದೆ.

"ಶಿವ ನನ್ನ ಹೊಲಿಗಿ ಕೆಡಿಸಿದ್ದ ಅದಕ್ಕ" ಎನ್ನುತ್ತಿದ್ದಳು ಅವ್ವ. "ಕಾಲರ್ ನೆಟ್ಟಗ ಬಂದಿದ್ರ ಇನ್ನೂ ಮ್ಯಾಲೇ ಕುಂತಿರ್ತಿದ್ದೆ."

ಆ ಕೋಣೆ ನನಗೆ ಚೆನ್ನಾಗಿ ನೆನಪಿದೆ. ಕ್ಯಾಂಟೀನಿನ ಪಕ್ಕ, ಹೊಲಿಗೆ ಹಾಲಿನ ನೇರ ಕೆಳಗೆ. ನೀಲಿ ಗೋಡೆಯ ಮೇಲೆ ಯಾರೋ ಪೇಂಟರು ಗಿಳಿಗಳನ್ನು ಬರೆದಿದ್ದ. ಹಸಿರು ಬಣ್ಣ ಮುಗಿದಿತ್ತೋ ಏನೋ, ಕೊನೆಯ ಎರಡು ಗಿಳಿಗಳು ಕಂದು ಬಣ್ಣದವು. ಒಂದು ಸಾಲು ಕಬ್ಬಿಣದ ತೊಟ್ಟಿಲು, ನೆಲದ ಮೇಲೆ ಚಾಪೆ, ಮೂಲೆಯಲ್ಲಿ ಹಾಲು ಕಾಯಿಸುವ ಒಲೆ. ಮೇಲಿನ ಹಾಲಿನಲ್ಲಿ ಮಷೀನುಗಳೆಲ್ಲ ಒಟ್ಟಿಗೆ ಓಡುವಾಗ ಛಾವಣಿಯಿಂದ ಒಂದು ಗುಂಯ್‌ಗುಡುವ ಸದ್ದು ಇಳಿದು ಬರುತ್ತಿತ್ತು. ಮಕ್ಕಳು ಆ ಸದ್ದಿಗೆ ಹಾಯಾಗಿ ನಿದ್ದೆ ಮಾಡುತ್ತಿದ್ದವು. ಕರೆಂಟು ಹೋಗಿ ಸದ್ದು ನಿಂತರೆ ಎಲ್ಲವೂ ಒಟ್ಟಿಗೆ ಎದ್ದು ಬಾಯಿ ತೆಗೆಯುತ್ತಿದ್ದವು.

ತಾಯಂದಿರು ದೂರು ತರುತ್ತಿದ್ದರು: "ಗೌರಕ್ಕಾ, ನಿಮ್ಮ ಹತ್ರ ಮಲಗತ್ತೆ, ಭಾನುವಾರ ಮನೇಲಿ ಮಲಗೋದೇ ಇಲ್ಲ. ಏನ್ ಮಂತ್ರ ಹಾಕ್ತೀರಾ?" ಅವ್ವ ಒಬ್ಬಳಿಗೆ "ಮನ್ಯಾಗ ಮಿಕ್ಸಿ ಹಚ್ಚಿ ನೋಡು" ಎಂದು ತಮಾಷೆಗೆ ಹೇಳಿದಳು. ಆ ಹುಡುಗಿ ನಿಜವಾಗಿಯೂ ಭಾನುವಾರ ಮಧ್ಯಾಹ್ನ ಖಾಲಿ ಮಿಕ್ಸಿ ಓಡಿಸಿ ಕೂಸನ್ನು ಮಲಗಿಸಿದಳಂತೆ. ಕೂಸು ಮಲಗಿತು, ಮಿಕ್ಸಿ ಸುಟ್ಟುಹೋಯಿತು. ಅವ್ವ ಅದಕ್ಕಾಗಿ ಬಹಳ ದಿನ ಪರಿತಪಿಸಿದಳು.

ನನ್ನ ಶಾಲೆ ಫ್ಯಾಕ್ಟರಿಯಿಂದ ನಡೆಯುವಷ್ಟು ಹತ್ತಿರ. ಶಾಲೆ ಬಿಟ್ಟ ಮೇಲೆ ಗೇಟಿನ ಸೆಕ್ಯೂರಿಟಿ ಕೋಣೆಯಲ್ಲಿ ಕೂತು ಹೋಂವರ್ಕ್ ಮಾಡುವುದು, ಅವ್ವ ಬಂದ ಮೇಲೆ ಜೊತೆಗೆ ಮನೆಗೆ ಹೋಗುವುದು ನನ್ನ ದಿನಚರಿ. ಅಲ್ಲಿದ್ದ ಲೇಡಿ ಗಾರ್ಡ್ ಸೆಲ್ವಿ ಅಕ್ಕ ನನಗೆ ಜಾಗ ಕೊಡುತ್ತಿದ್ದಳು, ಬದಲಿಗೆ ನಾನು ಅವಳಿಗೆ ಕನ್ನಡ ಅಕ್ಷರ ಕಲಿಸಬೇಕಿತ್ತು. ಅವ್ವ ಹೊರಗೆ ಬರುವಾಗ ಅವಳ ಭುಜದ ಮೇಲೆ ಯಾರದೋ ಜೊಲ್ಲು, ಸೆರಗಿಗೆ ಯಾರದೋ ಹಾಲಿನ ವಾಸನೆ. ನನ್ನನ್ನು ಕರೆಯಲು ಬಾಯಿ ತೆರೆದರೆ ಮೊದಲು ಬೇರೆಯವರ ಹೆಸರು ಬರುತ್ತಿತ್ತು. "ಏ ರಕ್ಷೀ... ಏ ದರ್ಶೂ... ಏ ಐಶ್ವರ್ಯಾ... ಏ ಇವಳ!" ಆ 'ಇವಳು' ಅಂದರೆ ನಾನು. ಸುಮಾ ಎಂಬ ಎರಡಕ್ಷರದ ಹೆಸರು ನನಗಿತ್ತು, ಅದು ಅವಳಿಗೆ ರಾತ್ರಿಯ ಊಟದ ಹೊತ್ತಿಗೆ ಸಿಗುತ್ತಿತ್ತು.

ಬೆಳಗಿನ ಅವ್ವ ಮಾತ್ರ ಬೇರೆ. ನಮ್ಮದು ಒಂದೇ ಕೋಣೆಯ ಮನೆ. ಅವಳು ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ಗ್ಯಾಸ್ ಸಿಲಿಂಡರಿಗೂ ಅಕ್ಕಿಯ ಡಬ್ಬಕ್ಕೂ ನಡುವಿನ ಸಂದಿಯಲ್ಲಿ ಕೂತು ಕೊರಳಿನ ಇಷ್ಟಲಿಂಗವನ್ನು ಬಿಚ್ಚಿ ಎಡಗೈಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಬಲಗೈಯಿಂದ ನೀರು, ವಿಭೂತಿ, ಎರಡು ಹೂವು. ಆಮೇಲೆ ಅದನ್ನೇ ನೋಡುತ್ತ ಸುಮ್ಮನೆ ಕೂತುಬಿಡುತ್ತಿದ್ದಳು. ಹೊರಗೆ ಬೋರಿನ ನೀರಿಗೆ ಜಗಳ, ಪಕ್ಕದ ಮನೆಯ ಟೀವಿ, ಹೊಸೂರು ರಸ್ತೆಯ ಲಾರಿಗಳ ಹಾರನ್ನು. ಅದಾವುದೂ ಆ ಸಂದಿಗೆ ಹೋಗುತ್ತಿರಲಿಲ್ಲ.

"ಏನ್ ಕಾಣತ್ತವ್ವಾ ಅದ್ರಲ್ಲಿ?" ಎಂದು ಒಮ್ಮೆ ಕೇಳಿದ್ದೆ.

"ಕಾಣಾಕೇನಿಲ್ಲ. ಕುಂದ್ರೂದು, ಅಷ್ಟ."

"ಮತ್ತೆ ಏನ್ ಬೇಡ್ಕೊತೀಯಾ?"

ಅವಳು ಸ್ವಲ್ಪ ಯೋಚಿಸಿದಳು. "ಇವತ್ತ ಯಾರ ಮ್ಯಾಲೂ ಸಿಟ್ಟ ಬರದಂಗ ಮಾಡಪಾ ಅಂತೀನಿ. ದಿನಾ ಬರತೈತಿ. ಆದ್ರೂ ಕೇಳಾಕೇನು?"

ಅವಳ ಭಕ್ತಿ ಅಷ್ಟೇ ಇದ್ದಿದ್ದು. ಯಾವುದಾದರೂ ಕೂಸಿಗೆ ಮೈ ಬಿಸಿಯಾದರೆ ತಾಯಿಯನ್ನು ಕೇಳಿ ಹಣೆಗೆ ಒಂದಿಷ್ಟು ವಿಭೂತಿ ಹಚ್ಚುತ್ತಿದ್ದಳು, ಹಚ್ಚಿದ ಮೇಲೆ ಔಷಧಿಯನ್ನೂ ಕುಡಿಸುತ್ತಿದ್ದಳು. ಒಬ್ಬ ಮುಸ್ಲಿಂ ಹುಡುಗಿ ತನ್ನ ಮಗನ ಕೊರಳಿಗೆ ದರ್ಗಾದ ತಾಯಿತ ಕಟ್ಟಿ ಕಳಿಸುತ್ತಿದ್ದಳು. ಉಳಿದ ಮಕ್ಕಳು ಅದನ್ನು ಚೀಪದಂತೆ ಕಾಯುವುದು ಅವ್ವನ ದೊಡ್ಡ ಕೆಲಸವಾಗಿತ್ತು. "ದೇವರ ವಸ್ತು ಐತಿ, ಎಂಜಲಾಗಬಾರದು" ಎನ್ನುತ್ತಿದ್ದಳು.

ಒಂದು ಸಲ ಈ ಭಕ್ತಿಗೂ ಫ್ಯಾಕ್ಟರಿಗೂ ಜಟಾಪಟಿಯಾಯಿತು. ಸೂಜಿ, ಕತ್ತರಿ ಹೊರಗೆ ಹೋಗುತ್ತಿವೆ ಎಂದು ಗೇಟಿನಲ್ಲಿ ಬರುವಾಗಲೂ ಹೋಗುವಾಗಲೂ ಮೈಮೇಲೆ ಆಡಿಸುವ, ಲೋಹ ಪತ್ತೆಹಚ್ಚುವ ಮಷೀನು ಬಂತು. ಅವ್ವ ಲಿಂಗವನ್ನು ಇಡುತ್ತಿದ್ದದ್ದು ಬೆಳ್ಳಿಯ ಕರಡಿಗೆಯಲ್ಲಿ. ಅವಳ ತವರಿನವರು ಕೊಟ್ಟಿದ್ದು. ಮಷೀನು ಅವಳ ಎದೆಯ ಹತ್ತಿರ ಬಂದದ್ದೇ ಕುಂಯ್ ಎಂದು ಕೂಗಿತು. ಹೊಸದಾಗಿ ಬಂದಿದ್ದ ಅಡ್ಮಿನ್ ಸಾಹೇಬರು ಅಲ್ಲೇ ನಿಂತಿದ್ದರು.

"ಅದನ್ನ ತೆಗ್ದು ಲಾಕರ್‌ನಲ್ಲಿ ಇಟ್ಟು ಹೋಗಿ. ಸಾಯಂಕಾಲ ತಗೊಳ್ಳಿ."

"ಇದನ್ನ ಮೈಮ್ಯಾಲಿಂದ ತಗ್ಯಾಂಗಿಲ್ರೀ ಸಾಹೇಬ್ರ."

"ಎಲ್ರಿಗೂ ಒಂದೇ ರೂಲ್ಸ್ ಅಮ್ಮಾ."

"ರೂಲ್ಸ್ ಖರೇ ಐತ್ರಿ. ನಾನೂ ತಗ್ಯಾಂಗಿಲ್ಲ."

ಅವಳು ಜಗಳವಾಡಲಿಲ್ಲ. ಗೇಟಿನ ಪಕ್ಕದ ಕಲ್ಲಿನ ಮೇಲೆ ಹೋಗಿ ಕೂತಳು. ಆವತ್ತು ಶನಿವಾರ, ನನಗೆ ಬೇಗ ಶಾಲೆ ಬಿಟ್ಟಿತ್ತು. ಬಂದು ನೋಡಿದರೆ ಅವ್ವ ಹೊರಗೆ. ನನಗೆ ಹೆದರಿಕೆಯಾಯಿತು. ಕೆಲಸ ಹೋಯಿತೆಂದೇ ತಿಳಿದು ಅಳತೊಡಗಿದೆ. ಸೆಲ್ವಿ ಅಕ್ಕ ಒಳಗೂ ಹೊರಗೂ ನಾಲ್ಕು ಬಾರಿ ಓಡಾಡಿದಳು. ಕೊನೆಗೆ ಅವ್ವನ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತು, "ಅಕ್ಕಾ, ನಾನೊಂದ್ ಕೇಳ್ತೀನಿ, ಕೋಪ ಮಾಡ್ಕೋಬೇಡಿ. ದೇವ್ರು ಡಬ್ಬೀನಾ, ಒಳಗಿರೋದಾ?" ಎಂದಳು.

"ಒಳಗಿರೂದ."

"ಹಂಗಾದ್ರೆ ಡಬ್ಬಿ ಬಿಟ್ಟು ಬಟ್ಟೇಲಿ ಕಟ್ಕೊಳ್ಳಿ. ನಮ್ಮ ಮಷೀನು ಕೂಗಲ್ಲ."

ಅವ್ವ ಅವಳ ಮುಖವನ್ನೇ ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿ, ಕರಡಿಗೆಯಿಂದ ಲಿಂಗವನ್ನು ತೆಗೆದು ಸೆರಗಿನ ಮರೆಯಲ್ಲಿ ಒಂದು ಬಿಳಿಯ ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಳು. ಕರಡಿಗೆಯನ್ನು ನನ್ನ ಕೈಗೆ ಕೊಟ್ಟಳು. ಮಷೀನು ಅವಳ ಮೈಮೇಲೆ ಮೇಲಿಂದ ಕೆಳಗೆ ಹೋಗಿ ಸುಮ್ಮನಾಯಿತು. ಒಳಗೆ ಹೋಗುವ ಮುಂಚೆ ಅವ್ವ ಅಡ್ಮಿನ್ ಸಾಹೇಬರಿಗೆ ಕೈ ಮುಗಿದು, "ಅದು ಬೆಳ್ಳಿಗಿ ಕೂಗಿದ್ದರೀ, ಶಿವಗಲ್ಲ" ಎಂದಳು. ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಬಹುಶಃ ಅವರಿಗೂ ಸಮಾಧಾನವಾಗಿತ್ತು. ಸಂಜೆ ಮನೆಗೆ ಹೋಗುವಾಗ ಅವ್ವ ನನಗೆ, "ಇವತ್ತ ಸಿಟ್ಟ ಬಂದಿತ್ತು ನೋಡು. ಆದ್ರ ಬಾಯಿಗಿ ಬರಲಿಲ್ಲ" ಎಂದು ಹೆಮ್ಮೆಯಿಂದ ಹೇಳಿದಳು.

ಇನ್ನೊಂದು ಸಂಜೆಯ ಸಿಟ್ಟು ಬಾಯಿಗೂ ಬಂತು. ಅದನ್ನು ಹೇಳಲೇಬೇಕು.

ಮಲ್ಲಮ್ಮ ಎಂಬ ಯಾದಗಿರಿ ಕಡೆಯ ಹುಡುಗಿ ಮೇಲೆ ಬಟನ್ ಹಾಕುವ ಕೆಲಸ ಮಾಡುತ್ತಿದ್ದಳು. ಅವಳ ಮಗಳೇ ಐಶ್ವರ್ಯ, ಇನ್ನೂ ಅಂಬೆಗಾಲಿಡುವ ಕೂಸು. ಗಂಡ ವೈಟ್‌ಫೀಲ್ಡ್ ಕಡೆ ಕಟ್ಟಡದ ಕೆಲಸ, ಸೈಟಿನಲ್ಲೇ ಮಲಗುತ್ತಿದ್ದ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಅವ್ವ ಅವನನ್ನು ಒಮ್ಮೆಯೂ ಕಂಡಿರಲಿಲ್ಲ.

ಆ ದಿನ ಸಂಜೆಯ ಬೆಲ್ಲಾಯಿತು. ತಾಯಂದಿರು ತಲೆಗೂದಲಿಗೆ ಅಂಟಿದ ನೂಲಿನ ಪುಡಿ ಕೊಡವಿಕೊಳ್ಳುತ್ತ ಬಂದು ತಮ್ಮ ತಮ್ಮ ಕೂಸುಗಳನ್ನು ಎತ್ತಿಕೊಂಡು ಹೋದರು. ಐಶ್ವರ್ಯ ಒಬ್ಬಳೇ ಉಳಿದಳು. ಅವ್ವ ಅವಳನ್ನು ಹೆಗಲಿಗೆ ಹಾಕಿಕೊಂಡು ಗೇಟಿಗೆ ಬಂದು ವಿಚಾರಿಸಿದಾಗ, ಮನೆಗೆ ಹೊರಟಿದ್ದ ಸೂಪರ್‌ವೈಸರು ತಲೆ ಚಚ್ಚಿಕೊಂಡರು. "ಅಯ್ಯೋ, ನಿಮಗ್ ಹೇಳಿಲ್ವಾ? ಮಲ್ಲಮ್ಮಂಗೆ ಮಧ್ಯಾಹ್ನ ಹೊಟ್ಟೆನೋವು ಜಾಸ್ತಿ ಆಗಿ ಆಸ್ಪತ್ರೆಗೆ ಕಳಿಸಿದ್ವಿ. ಅಡ್ಮಿಟ್ ಮಾಡ್ಕೊಂಡಿದ್ದಾರೆ." ಅವರು ಇವರು ಹೇಳಿರುತ್ತಾರೆಂದು, ಇವರು ಅವರು ಹೇಳಿರುತ್ತಾರೆಂದು ಎಲ್ಲರೂ ಸುಮ್ಮನಿದ್ದರು.

ಅಷ್ಟರಲ್ಲಿ ಗೇಟಿನ ಹೊರಗೆ ಒಬ್ಬ ಮನುಷ್ಯ ಬಂದು ನಿಂತ. ತಲೆಯಿಂದ ಕಾಲಿನವರೆಗೆ ಸಿಮೆಂಟು. ರೆಪ್ಪೆಗೂದಲೂ ಬೂದಿಬಣ್ಣ.

"ಯವ್ವಾ, ನಾ ಮಲ್ಲಿ ಗಂಡ ಭೀಮಪ್ಪ. ನರ್ಸಬಾಯಿ ಫೋನ್ ಹಚ್ಚಿದ್ರು. ಕೂಸಿನ್ನ ಕೊಡ್ರಿ, ದವಾಖಾನಿಗಿ ಹೋಗಬೇಕು."

ಅವನು ಕೈ ಚಾಚಿದ. ಐಶ್ವರ್ಯ ಅವನನ್ನು ನೋಡಿದ್ದೇ ಕಿಟಾರನೆ ಕಿರುಚಿ ಅವ್ವನ ಕುತ್ತಿಗೆಗೆ ಅಂಟಿಕೊಂಡಳು. ಅವ್ವ ಒಂದು ಹೆಜ್ಜೆ ಹಿಂದೆ ಸರಿದಳು. ಹಿಂದಿನ ವರ್ಷ ಹೀಗೆಯೇ, ಹೆಂಡತಿಯೊಡನೆ ಜಗಳವಾಡಿ ಬೇರೆಯಾಗಿದ್ದ ಒಬ್ಬ ಬಂದು ಮಗುವನ್ನು ಎತ್ತಿಕೊಂಡು ಊರಿಗೆ ಹೋಗಿಬಿಟ್ಟಿದ್ದ. ಆ ತಾಯಿ ಅದನ್ನು ವಾಪಸು ತರಲು ಪಟ್ಟ ಪಾಡು ಅವ್ವನ ಕಣ್ಣ ಮುಂದೆಯೇ ಇತ್ತು.

"ನೀ ಯಾರೋ ನನಗ ಗೊತ್ತಿಲ್ಲಪಾ. ಕೂಸೂ ನಿನ್ನ ಗುರ್ತು ಹಿಡೀವಲ್ದು. ತಾಯಿ ಹೇಳೂತನಾ ನಾ ಕೊಡಾಂಗಿಲ್ಲ."

"ನನ್ನ ಕೂಸು ನನಗ ಕೊಡಲ್ಲಂದ್ರ ಏನ್ರಿ ಇದು!"

"ನಿಂದು ಅನ್ನಾಕ ಏನೈತಿ ನಿನ್ನ ಹಂತ್ಯಾಕ?"

ಅವನ ಹತ್ತಿರ ಗುರುತಿನ ಕಾಗದವೇನೂ ಇರಲಿಲ್ಲ. ಕೆಲಸದ ಬಟ್ಟೆಯಲ್ಲೇ ಓಡಿ ಬಂದಿದ್ದ. ಮೊಬೈಲಿನಲ್ಲಿದ್ದ ನಂಬರಿಗೆ ಮಾಡಿದರೆ ಮಲ್ಲಮ್ಮನ ಫೋನು ಫ್ಯಾಕ್ಟರಿಯ ಲಾಕರಿನೊಳಗೇ ಬಡಿದುಕೊಳ್ಳುತ್ತಿತ್ತು. ನರ್ಸಿನ ನಂಬರು ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಅಡ್ಮಿನ್ ಸಾಹೇಬರು ಬಂದರು. "ಗೌರಮ್ಮ, ಟೈಮ್ ಆಯ್ತು, ನಾನು ಗೇಟ್ ಲಾಕ್ ಮಾಡಿಸ್ಬೇಕು. ಒಂದೋ ಇವ್ರಿಗೆ ಕೊಡಿ, ಇಲ್ಲಾ ಸೆಕ್ಯೂರಿಟಿಗೆ ಹ್ಯಾಂಡೋವರ್ ಮಾಡಿ. ಅವ್ರು ಪೊಲೀಸ್ ಸ್ಟೇಷನ್‌ಗೆ ಹೇಳ್ತಾರೆ. ರೂಲ್ಸ್ ಇರೋದೇ ಹಂಗೆ."

"ಸ್ಟೇಷನ್ನಿಗಿ? ಈ ಕೂಸನ್ನ?" ಅವ್ವನ ದನಿ ಏರಿತು. ಅವಳು ಹಾಗೆ ಕೂಗಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. "ನಿಮ್ಮ ಮನಿ ಕೂಸಾಗಿದ್ರ ಕಳಸ್ತಿದ್ರೇನ್ರಿ? ಮುಂಜಾನಿ ಅದರವ್ವ ನನ್ನ ಉಡ್ಯಾಗ ಹಾಕಿ ಹೋಗ್ಯಾಳ. ನಾ ಆಕಿ ಉಡ್ಯಾಗ ಹಾಕ್ತೀನಿ. ನಡುವ ಯಾರ ಕೈಗೂ ಕೊಡಾಂಗಿಲ್ಲ. ಬೇಕಾದ್ರ ನಾಳಿಂದ ಕೆಲಸಕ್ಕ ಬರಬ್ಯಾಡ ಅನ್ರಿ."

ಹೇಳಿ, ಮಗುವಿನೊಂದಿಗೆ ಗೇಟು ದಾಟಿ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಹೋಗಿ ಕೂತುಬಿಟ್ಟಳು. ನಾನು ಶಾಲೆಯ ಚೀಲ ಎತ್ತಿಕೊಂಡು ಹಿಂದೆ ಓಡಿದೆ. ಸೆಲ್ವಿ ಅಕ್ಕ ಡ್ಯೂಟಿ ಮುಗಿದಿದ್ದರೂ ಬಂದು ನಮ್ಮ ಪಕ್ಕ ನಿಂತಳು. ಭೀಮಪ್ಪನೂ ರಸ್ತೆ ದಾಟಿ ಬಂದ. ಮೊದಲು ಬೈದ, ಆಮೇಲೆ ಬೇಡಿಕೊಂಡ, ಆಮೇಲೆ ಬೆಂಚಿನ ಇನ್ನೊಂದು ತುದಿಯಲ್ಲಿ ಕುಸಿದು ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಅವನ ಭುಜ ಅದುರುತ್ತಿತ್ತು.

ಅವ್ವನಿಗೆ ಅದನ್ನು ನೋಡಿಕೊಂಡು ಕೂರಲಾಗಲಿಲ್ಲ. ಕಳ್ಳನಾದರೂ ಹಸಿದಿದ್ದಾನೆ ಅನ್ನಿಸಿರಬೇಕು. ಟೀ ಅಂಗಡಿಯವನಿಗೆ ಒಂದು ಟೀ, ಎರಡು ಬನ್ನು ಹೇಳಿದಳು. "ಎದ್ದೇಳು. ಆ ನಳದಾಗ ಮಾರಿ ತೊಳಕೊಂಡ ಬಾ. ಈ ಸಿಮೆಂಟ್ ಬಾಯಾಗ ಹೋದ್ರ ಏನ ಗತಿ?" ಎಂದು ಗದರಿದಳು.

ಅವನು ಎದ್ದು ಹೋಗಿ ನಲ್ಲಿಯ ಕೆಳಗೆ ತಲೆಯೊಡ್ಡಿದ. ಮುಖ, ಕತ್ತು, ಕೂದಲು ತೊಳೆದುಕೊಂಡು, ಅಂಗಿಯ ಒಳಮೈಯಿಂದ ಒರೆಸಿಕೊಳ್ಳುತ್ತ ತಿರುಗಿ ಬಂದ. ಸಿಮೆಂಟಿನ ಹಿಂದಿನಿಂದ ಇಪ್ಪತ್ತೈದು ದಾಟದ ಒಬ್ಬ ಹುಡುಗನ ಮುಖ ಹೊರಬಿದ್ದಿತ್ತು, ಕಣ್ಣು ಕೆಂಪಗೆ. ಐಶ್ವರ್ಯ ಅವ್ವನ ಹೆಗಲಿಂದ ತಲೆ ಎತ್ತಿ ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ಕಿಸಕ್ಕನೆ ನಕ್ಕು, ಎರಡೂ ಕೈ ಮುಂದೆ ಮಾಡಿ ಅವನ ಕಡೆಗೆ ಜಿಗಿದೇಬಿಟ್ಟಳು.

"ಅಯ್ಯ ಶಿವನ! ಖರೇನ ಅಪ್ಪ ಅದಾನಲ್ಲ!" ಎಂದು ಅವ್ವ ನಾಲಿಗೆ ಕಚ್ಚಿಕೊಂಡಳು.

ಸೆಲ್ವಿ ಅಕ್ಕ ನಕ್ಕಳು, ಟೀ ಅಂಗಡಿಯವನು ನಕ್ಕ, ಭೀಮಪ್ಪ ಮಗಳನ್ನು ಎದೆಗವಚಿಕೊಂಡು ಅಳುತ್ತಲೇ ನಕ್ಕ. ಅವ್ವ ಮಾತ್ರ ನಗಲಿಲ್ಲ. "ತಪ್ಪ ತಿಳೀಬ್ಯಾಡಪಾ ತಮ್ಮಾ. ಬನ್ ತಿನ್ನು. ಕೂಸಿನ್ನ ನೀನ ಎತ್ಕೊ. ಆದ್ರ ನಾನೂ ದವಾಖಾನಿಗಿ ಬರಾಕಿ. ಮಲ್ಲಿಗಿ ಮಾತ ಕೊಟ್ಟೀನಿ" ಎಂದಳು. ನಾವೆಲ್ಲ ಒಂದೇ ಆಟೋದಲ್ಲಿ ತುರುಕಿಕೊಂಡು ಹೋದೆವು. ಮಲ್ಲಮ್ಮ ಕೈಗೆ ಡ್ರಿಪ್ಪು ಹಾಕಿಸಿಕೊಂಡು ಬಾಗಿಲನ್ನೇ ನೋಡುತ್ತ ಮಲಗಿದ್ದಳು. ಅವ್ವ ಗಂಡನ ಕೈಯಿಂದ ಕೂಸನ್ನು ಇಸಿದುಕೊಂಡು, ತಾನೇ ಒಯ್ದು ಅವಳ ಪಕ್ಕದಲ್ಲಿ ಮಲಗಿಸಿ, ಆಮೇಲೆ ಹೊರಗೆ ಬಂದಳು.

ಮರುದಿನ ಅಡ್ಮಿನ್ ಸಾಹೇಬರು ಕರೆಸಿ ಬೈದರು. ಅವ್ವ ಎಲ್ಲ ಕೇಳಿಸಿಕೊಂಡು ಹೇಳಿದಳಂತೆ: "ಒದರಿದ್ದು ತಪ್ಪಾತ್ರಿ. ಆದ್ರ ಇನ್ನೊಂದ ಸಲ ಹಿಂಗಾದ್ರೂ ನಾ ಇದನ್ನ ಮಾಡಾಕಿ. ಮೊದಲ ಹೇಳಿಬಿಡ್ತೀನಿ." ಅವರೂ ಕೆಟ್ಟವರಲ್ಲ. ಕೆಲವು ದಿನಗಳ ಮೇಲೆ ಮಕ್ಕಳ ರೂಮಿನ ಗೋಡೆಗೆ, ಗಿಳಿಗಳ ಕೆಳಗೆ, ಪ್ರತಿ ಕೂಸಿನ ಅಪ್ಪ ಅಮ್ಮಂದಿರ ಫೋಟೋಗಳು ಬಂದವು. ಭೀಮಪ್ಪ ತನ್ನ ಫೋಟೋವನ್ನು ಸ್ಟುಡಿಯೋಗೆ ಹೋಗಿ ಪೌಡರು ಹಚ್ಚಿಕೊಂಡು ತೆಗೆಸಿದ್ದ.

ಇಷ್ಟೆಲ್ಲ ಹೇಳಿದ ಮೇಲೆ ನಿಮಗೆ ಅನ್ನಿಸಬಹುದು, ನನಗೆ ಮಗುವಾದಾಗ ಎಷ್ಟು ನಿಶ್ಚಿಂತೆಯಿಂದ ಇದ್ದಿರಬೇಕು ಎಂದು. ನಾನೂ ಹಾಗೆಯೇ ಲೆಕ್ಕ ಹಾಕಿದ್ದೆ. ಅಷ್ಟು ಹೊತ್ತಿಗೆ ಅಪ್ಪ ತೀರಿಕೊಂಡಿದ್ದ. ನಾನು ಮಹದೇವಪುರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಮಗಳಿಗೆ ಆರು ತಿಂಗಳು ತುಂಬುತ್ತಲೇ ಅವ್ವ ಕೆಲಸ ಬಿಟ್ಟು ನಮ್ಮ ಮನೆಗೆ ಬಂದಿರುತ್ತಾಳೆ, ಇನ್ನೇನು ಚಿಂತೆ?

"ನಾ ಬರಾಂಗಿಲ್ಲ ಸುಮಾ" ಎಂದಳು ಅವ್ವ.

ನನಗೆ ಅರ್ಥವೇ ಆಗಲಿಲ್ಲ. "ಯಾಕವ್ವಾ? ಯಾರ್ಯಾರ ಮಕ್ಕಳನ್ನೋ ನೋಡ್ಕೊತೀಯಾ. ನನ್ನ ಮಗಳನ್ನ ನೋಡ್ಕೊಳಕ್ಕೆ ಆಗಲ್ವಾ?"

"ನಿನ್ನ ಮಗಳಿಗಿ ನೀ ಅದಿ, ಗಂಡ ಅದಾನ. ಶಾಣ್ಯಾ ಅದೀರಿ, ಒಂದ ಚಲೋ ಜಾಗಾ ಹುಡುಕ್ತೀರಿ. ಅಲ್ಲಿ ನನ್ನ ಹಂತ್ಯಾಕ ಬರೂ ಹುಡುಗ್ಯಾರು ಎಲ್ಲಿ ಹುಡಕ್ಬೇಕು? ನಾ ಬಿಟ್ರ ಮತ್ತ ಯಾರನ್ನರ ಒಂದ ವಾರಕ್ಕಂತ ಕಳಸ್ತಾರ. ಅವರ ಕಾಲರ್ ನೆಟ್ಟಗ ಹೊಲ್ಯಾವ್ರ ಆಗಿದ್ರ ಏನ್ ಮಾಡೂದು?"

ಅವಳು ನಗಿಸಲು ನೋಡಿದಳು. ನಾನು ನಗಲಿಲ್ಲ. ಎರಡು ದಿನ ಫೋನು ಮಾಡಲಿಲ್ಲ. ಮೂರನೆಯ ದಿನ ಅವಳೇ ಮಾಡಿದಳು. "ಜಾಗಾ ಸಿಕ್ತೇನು? ಸಿಕ್ರ ಹೇಳು, ನಾ ಒಂದ ಸಲ ನೋಡ್ತೀನಿ."

ನಮ್ಮ ಮನೆಯ ಹತ್ತಿರದ ಅಪಾರ್ಟ್‌ಮೆಂಟಿನ ಕೆಳಗೊಂದು ಡೇಕೇರ್ ಇತ್ತು. ಮೊದಲ ದಿನ ಅವ್ವ ಬೊಮ್ಮನಹಳ್ಳಿಯಿಂದ ಬೆಳಗಿನ ಬಸ್ಸು ಹತ್ತಿ ಬಂದಳು. ನಡೆಸುವ ಮೇಡಂ ತಮ್ಮ ಸೌಕರ್ಯಗಳನ್ನೆಲ್ಲ ತೋರಿಸಿದರು. ಮೆತ್ತನೆಯ ನೆಲಹಾಸು, ಏಸಿ, ಮೂಲೆಮೂಲೆಗೆ ಕ್ಯಾಮೆರಾ.

"ನೀವು ಮೊಬೈಲಲ್ಲೇ ಲೈವ್ ನೋಡ್ತಿರ್ಬೋದು ಮೇಡಂ, ಇಡೀ ದಿನ" ಎಂದರು ನನಗೆ.

"ಕೂಸೂ ಈಕೀನ್ನ ನೋಡಬೌದೇನ್ರಿ?" ಎಂದು ಅವ್ವ ಕೇಳಿದಳು. ವ್ಯಂಗ್ಯವಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದು. ಇಲ್ಲ ಎಂದಾಗ "ಹೌದಾ" ಎಂದಳು. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವಳು ಅಸ್ಸಾಮಿನ ಹುಡುಗಿ, ಕನ್ನಡ ಅಷ್ಟಕ್ಕಷ್ಟೆ. ಅವ್ವ ಗೋಡೆಗೊರಗಿ ಕೂತು ಅವಳನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಬಂದು ನನ್ನ ಕಿವಿಯಲ್ಲಿ ಹೇಳಿದಳು: "ಬಿಟ್ಟ ಹೋಗು. ಆ ಹುಡುಗಿ ಕೂಸನ್ನ ಎತ್ತೂಮುಂದ ತಾ ಮೊದಲ ಕೆಳಗ ಕುಂದ್ರತಾಳ. ನಿಂತು ಕೈ ಹಿಡದ ಎಳ್ಯಾಂಗಿಲ್ಲ."

ನಾನು ಮಗಳನ್ನು ಆ ಹುಡುಗಿಯ ಕೈಗೆ ಕೊಟ್ಟೆ. ಮಗಳು ಅತ್ತಳು. ನಾನು ಹಿಂದೆ ತಿರುಗದೆ ಹೊರಗೆ ನಡೆದೆ. ಗೇಟಿನಲ್ಲಿ ಅವ್ವ, "ನೀ ಹೋಗವ್ವಾ, ನನ್ನ ಬಸ್ಸಿಗಿ ಇನ್ನೂ ಹೊತ್ತೈತಿ" ಎಂದಳು.

ಅಂದು ಎಷ್ಟು ಜನರ ರಕ್ತ ತೆಗೆದೆನೋ ಗೊತ್ತಿಲ್ಲ. ನಡುನಡುವೆ ಮೊಬೈಲು ನೋಡುತ್ತಿದ್ದೆ. ಕ್ಯಾಮೆರಾದಲ್ಲಿ ಮಗಳ ನೆತ್ತಿ ಮಾತ್ರ ಕಾಣುತ್ತಿತ್ತು. ಒಮ್ಮೆ ಮಲಗಿದ್ದಳು, ಒಮ್ಮೆ ಏನನ್ನೋ ಬಾಯಿಗೆ ಹಾಕಿಕೊಳ್ಳುತ್ತಿದ್ದಳು, ಒಮ್ಮೆ ಅಳುತ್ತಿದ್ದಳು. ಅತ್ತದ್ದು ಕಂಡಾಗ ಎದ್ದು ಓಡಿಬಿಡೋಣ ಅನ್ನಿಸಿತು. ಹೊರಗೆ ಖಾಲಿ ಹೊಟ್ಟೆಯಲ್ಲಿ ಬಂದ ಮುದುಕರು ಸಾಲಾಗಿ ಕೂತಿದ್ದರು. ಬಾತ್‌ರೂಮಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದು ಮತ್ತೆ ಸಿರಿಂಜು ಹಿಡಿದೆ.

ಸಂಜೆ ಓಡೋಡುತ್ತ ಡೇಕೇರಿಗೆ ಬಂದೆ. ಗೇಟಿನ ಪಕ್ಕ, ವಾಚ್‌ಮನ್ನಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅವ್ವ ಕೂತಿದ್ದಳು. ತೊಡೆಯ ಮೇಲೆ ಅವಳ ಕೈಚೀಲ. ಬೆಳಿಗ್ಗೆ ನಾನು ಬಿಟ್ಟು ಹೋದಾಗಿನ ಅದೇ ಸೀರೆ, ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು.

"ಅವ್ವಾ! ಫ್ಯಾಕ್ಟರಿಗೆ ಹೋಗ್ಲಿಲ್ವಾ?"

"ಇವತ್ತೊಂದಿನ ರಜಾ ಹಾಕೀನಿ."

ಅವ್ವ ರಜೆ ಹಾಕಿದ್ದು ನನಗೆ ನೆನಪಿಲ್ಲ. ನನ್ನ ನಿಶ್ಚಿತಾರ್ಥವನ್ನೂ ಭಾನುವಾರವೇ ಇಟ್ಟುಕೊಂಡಿದ್ದಳು. "ಇಡೀ ದಿನ ಇಲ್ಲೇ ಕೂತಿದ್ಯಾ? ಒಳಗೆ ಹೋಗಿ ಮಗು ಜೊತೆ ಇರಬಹುದಿತ್ತಲ್ಲ. ಅಷ್ಟು ಭಯ ಇದ್ರೆ 'ಬಿಟ್ಟ ಹೋಗು' ಅಂದೆ ಯಾಕೆ?"

"ಕೂಸಿನ ಚಿಂತಿ ಇರಲಿಲ್ಲ. ಅದು ಒಂದ ತಾಸ ಅತ್ತು ಸುಮ್ಮನಾಗತೈತಿ, ನನಗ ಗೊತ್ತು." ಅವ್ವ ಕೈಚೀಲದ ಬಾಯಿ ಬಿಚ್ಚಿದಳು. ಒಳಗೆ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ, ಒಂದು ಸಣ್ಣ ಡಬ್ಬಿಯಲ್ಲಿ ಪಲ್ಯ. "ತಾಯಂದ್ರದ ಹೇಳಾಕ ಬರಾಂಗಿಲ್ಲ. ಮೊದಲನೇ ದಿನ ಮಧ್ಯಾನಕ್ಕ ಓಡಿ ಬರ್ತಾರ. ಒಳಗ ಹೋಗಾಕ ಬಿಡಾಂಗಿಲ್ಲ, ತಿರುಗಿ ಹೋಗಾಕ ಕಾಲ ಬರಾಂಗಿಲ್ಲ, ಗೇಟಿನಾಗ ನಿಂತ ಅಳ್ತಾರ. ಒಬ್ಬಾಕಿನ ನಿಂತ ಅತ್ತೀ ಅಂತ ಕುಂತಿದ್ದೆ."

ನಾನು ಅವಳ ಪಕ್ಕ ಬಂದು ನಿಂತೆ.

"ಅಳು ಬಂತೇನು?" ಎಂದು ಕೇಳಿದಳು.

"ಬಂತು."

"ಮತ್ತ್ಯಾಕ ಬರಲಿಲ್ಲ?"

"ರಕ್ತ ಕೊಡೋರು ಸಾಲಾಗಿ ಕೂತಿದ್ರವ್ವಾ. ಖಾಲಿ ಹೊಟ್ಟೇಲಿ."

ಅವ್ವ ತಲೆಯಾಡಿಸಿದಳು. ಅವಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ರೊಟ್ಟಿಯ ಗಂಟು ಬಿಚ್ಚಿ, ಒಂದರ ಅರ್ಧ ಮುರಿದು, ಪಲ್ಯ ಸುತ್ತಿ ನನ್ನ ಕೈಗೆ ಕೊಟ್ಟಳು. ನಾನು ಅಲ್ಲೇ ಗೇಟಿನಲ್ಲಿ, ಅಪಾರ್ಟ್‌ಮೆಂಟಿನವರು ಕಾರು ಒಳಗೆ ತರಲು ಹಾರನ್ನು ಹೊಡೆಯುತ್ತಿರುವಾಗ, ನಿಂತುಕೊಂಡೇ ತಿಂದೆ. ಕಣ್ಣಿನಿಂದ ನೀರು ಇಳಿಯುತ್ತಲೇ ಇತ್ತು. ಅವ್ವ ನನ್ನ ಮುಖ ಒರೆಸಲಿಲ್ಲ, ಸಮಾಧಾನ ಹೇಳಲಿಲ್ಲ. ತಿಂದು ಮುಗಿಯುವವರೆಗೆ ಕಾದಳು.

"ಹೋಗು, ಒಳಗ ಹೋಗು. ನಿನ್ನ ದನಿ ಕೇಳಿರ್ತೈತಿ ಅದು" ಎಂದಳು. "ನಾ ಇಲ್ಲೇ ಕುಂತಿರ್ತೀನಿ."